ಹೊಸ ಕಾರಿನ ಪೈಂಟ್ ಮೇಲೆ ಕಿತ್ತಳೆ ಸಿಪ್ಪೆಯಂಥ ತರಿ: ಉಜ್ಜಿಸುವ ಮೊದಲು ಇದನ್ನೊಮ್ಮೆ ಓದಿ

ಪಣಂಬೂರು: ಹೊಸ ಕಾರು ಮನೆಗೆ ಬಂತು, ಪೂಜೆ ಆಯ್ತು, ಚಕ್ರದಡಿ ಲಿಂಬೆಹಣ್ಣು ಇಟ್ಟು ದಾಟಿಸಿಯೂ ಆಯ್ತು. ಮರುದಿನ ಬೆಳಿಗ್ಗೆ ಎಳೆಬಿಸಿಲಿಗೆ ಬಾಗಿಲಿನ ಮೇಲೆ ಬಿದ್ದ ತೆಂಗಿನಮರದ ಪ್ರತಿಬಿಂಬ ನೋಡಿದರೆ ಗೆರೆ ನೇರ ಇಲ್ಲ. ಕೆರೆ ನೀರಲ್ಲಿ ಕಂಡ ಹಾಗೆ ಅಲುಗಿದಂತೆ ಉಂಟು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರೆ ಪೈಂಟ್ ಮೇಲೆಲ್ಲ ಸಣ್ಣ ಸಣ್ಣ ಉಬ್ಬು ತಗ್ಗು. "ಹತ್ತು ಲಕ್ಷ ಕೊಟ್ಟು ತೆಗೆದದ್ದು ಮಾರಾಯ್ರೆ, ಇದೆಂತ ಹೀಗೆ?" ಎಂಬ ಪ್ರಶ್ನೆ ಅಲ್ಲಿಂದ ಶುರು.

ಪೈಂಟ್ ಕೆಲಸದವರು ಇದಕ್ಕೆ ಆರೆಂಜ್ ಪೀಲ್ ಎನ್ನುತ್ತಾರೆ. ಕಿತ್ತಳೆ ಎಂದರೆ ಮಂಗಳೂರಿನವರಿಗೆ ಹಾಜಬ್ಬರ ಬುಟ್ಟಿ ನೆನಪಾಗುವುದು ಸಹಜ. ಆ ಹಣ್ಣಿನ ಸಿಪ್ಪೆಯ ಮೇಲಿರುವಂಥದ್ದೇ ತರಿ ಇದು. ನೋಡಿದವರಲ್ಲಿ ಕೆಲವರು ಶೋರೂಮಿಗೆ ಹೋಗಿ ಜಗಳ ಮಾಡುತ್ತಾರೆ, ಕೆಲವರು ಸೀದಾ ಡಿಟೇಲಿಂಗ್ ಅಂಗಡಿಗೆ ಹೋಗಿ ಉಜ್ಜಿಸಿಕೊಂಡು ಬರುತ್ತಾರೆ. ಎರಡೂ ಅವಸರದ ಕೆಲಸ. ಅದರಲ್ಲೂ ಪಣಂಬೂರು, ಬೈಕಂಪಾಡಿ, ಕೂಳೂರು, ಸುರತ್ಕಲ್ ಕಡೆ ಕಾರು ಇಟ್ಟುಕೊಂಡವರು ಉಜ್ಜಿಸುವ ಮೊದಲು ಎರಡು ಸಲ ಯೋಚಿಸಬೇಕು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಇದು ಬರುವುದು ಹೇಗೆ?

ಫ್ಯಾಕ್ಟರಿಯಲ್ಲಿ ಕಾರಿನ ಬಾಡಿಗೆ ಒಂದೇ ಬಣ್ಣ ಬಳಿಯುವುದಲ್ಲ. ಮೊದಲು ತುಕ್ಕು ಹಿಡಿಯದ ಹಾಗೆ ಇಡೀ ಬಾಡಿಯನ್ನು ಟ್ಯಾಂಕಿನಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಒಂದು ಪದರ ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್, ಪ್ರೈಮರ್ ಮೇಲೆ ನಿಮಗೆ ಕಾಣುವ ಬಣ್ಣ, ಎಲ್ಲದರ ಮೇಲೆ ಗಾಜಿನಂಥ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲೊಂದು ಸುಮಾರು 70 ಮೈಕ್ರಾನ್ ಇರುತ್ತದೆ. ಮೇಲಿನ ಕ್ಲಿಯರ್ ಕೋಟ್ ಇರುವುದು 35ರಿಂದ 50 ಮೈಕ್ರಾನ್, ಅಂದರೆ ಹೆಚ್ಚು ಕಡಿಮೆ ಅರ್ಧ ಕೂದಲಿನಷ್ಟು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಈ ಕ್ಲಿಯರ್ ಕೋಟನ್ನು ರೋಬೋಗಳು ಸಿಂಪಡಿಸುತ್ತವೆ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಗಂಟೆಯಾಕಾರದ ಬಾಯಿಯಿಂದ ಪೈಂಟ್ ಮಂಜಿನಂತೆ ಹೊರಬಂದು ಬಾಡಿಯ ಮೇಲೆ ಕೂರುತ್ತದೆ. ಹನಿಗಳು ಒಂದಕ್ಕೊಂದು ಸೇರಿ, ಹರಡಿ, ಸಪಾಟಾಗಬೇಕು. ಅದಕ್ಕೆ ಸಿಗುವ ಸಮಯ ಕೆಲವೇ ನಿಮಿಷ. ಆಮೇಲೆ ಸುಮಾರು 140 ಡಿಗ್ರಿ ಶಾಖದ ಓವನ್‌ಗೆ ಹೋಗಿ ಗಟ್ಟಿಯಾಗಿಬಿಡುತ್ತದೆ. ಉದ್ದಿನ ದೋಸೆ ಹೊಯ್ಯುವವರಿಗೆ ಇದು ಬೇಗ ಅರ್ಥವಾದೀತು. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ, ಸೌಟು ಆಡಿಸಿದ ಗುರುತು ಹಾಗೆಯೇ ಉಳಿಯುತ್ತದೆ. ಪೈಂಟ್ ಕೂಡ ಹಾಗೆಯೇ. ಅದರೊಳಗಿನ ದ್ರಾವಕ ಬೇಗ ಆವಿಯಾದರೆ, ಪೈಂಟ್ ದಪ್ಪವಿದ್ದು ಪದರ ತೆಳುವಾಗಿದ್ದರೆ, ಅಲೆ ಅಲೆಯಾಗಿಯೇ ಒಣಗುತ್ತದೆ.

ಹಾಗಾದರೆ ತೆಳ್ಳಗೆ ಕಲಸಿ ದಪ್ಪಕ್ಕೆ ಹೊಡೆದರಾಯ್ತಲ್ಲ ಎಂದು ಕೇಳಬಹುದು. ಆಗ ಬಾಗಿಲಿನಂಥ ನೆಟ್ಟಗಿನ ಜಾಗದಲ್ಲಿ ಪೈಂಟ್ ಇಳಿದು ಕಣ್ಣೀರಿನ ಹಾಗೆ ಗೆರೆ ಬೀಳುತ್ತದೆ. ಇಳಿಯಲೂ ಬಾರದು, ಪೂರ್ತಿ ಹರಡದೆಯೂ ಇರಬಾರದು. ಕಂಪೆನಿಗಳು ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿಕೊಳ್ಳುತ್ತವೆ. ಬೋನೆಟ್, ರೂಫ್ ಮಲಗಿದ ಹಾಗೆ ಇರುವುದರಿಂದ ಅಲ್ಲಿ ನುಣುಪು ಜಾಸ್ತಿ, ಬಾಗಿಲಿನಲ್ಲಿ ತರಿ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ. ಅದು ಮೋಸ ಅಲ್ಲ.

ಬಿಡದಿಯಲ್ಲಿ ತಯಾರಾದ ಕಾರಿರಲಿ, ಚೆನ್ನೈ, ಪುಣೆ ಕಡೆಯಿಂದ ಬಂದದ್ದಿರಲಿ, ಯುರೋಪಿನದ್ದೇ ಇರಲಿ, ಸ್ವಲ್ಪವಾದರೂ ಆರೆಂಜ್ ಪೀಲ್ ಇಲ್ಲದ ಫ್ಯಾಕ್ಟರಿ ಪೈಂಟ್ ಅಪರೂಪ. ಕನ್ನಡಿಯಂತೆ ಇರುವುದು ಕೈಯಿಂದ ಪಾಲಿಶ್ ಮಾಡುವ ಅತಿ ದುಬಾರಿ ಕಾರುಗಳು. ಈ ತರಿಯನ್ನು ಅಳೆಯುವ ಯಂತ್ರವೇ ಉಂಟು, ಫ್ಯಾಕ್ಟರಿಗಳಲ್ಲಿ ಇಂತಿಷ್ಟು ಅಲೆ ಇರಬಹುದು ಎಂಬ ಮಿತಿಯನ್ನು ಅದರಿಂದಲೇ ನೋಡುತ್ತಾರೆ. ಅಂದರೆ ಕಂಪೆನಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ, ಗೊತ್ತಿದ್ದೇ ಬಿಟ್ಟದ್ದು. ಬಿಳಿ ಕಾರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ, ಕಪ್ಪು ಮತ್ತು ಗಾಢ ನೀಲಿಯಲ್ಲಿ ಎದ್ದು ಕಾಣುತ್ತದೆ. ಕಪ್ಪು ಕಾರು ಬುಕ್ ಮಾಡುವವರು ಇದಕ್ಕೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಂಡರೆ ಒಳ್ಳೆಯದು.

ಚಿಂತೆ ಮಾಡಬೇಕಾದದ್ದು ಯಾವಾಗ?

ಇಡೀ ಕಾರಿನಲ್ಲಿ ತರಿ ಒಂದೇ ತೆರನಾಗಿದ್ದರೆ, ಅಂದರೆ ಎಡಬದಿಯ ಬಾಗಿಲು ಬಲಬದಿಯ ಬಾಗಿಲಿನ ಹಾಗೆಯೇ ಇದ್ದರೆ, ಅದು ಫ್ಯಾಕ್ಟರಿ ಪೈಂಟ್, ಚಿಂತೆ ಬೇಡ. ನಾಲ್ಕು ಬಾಗಿಲಲ್ಲಿ ಒಂದು ಮಾತ್ರ ಬೇರೆ ಥರ ಕಂಡರೆ ಪ್ರಶ್ನೆ ಕೇಳಲೇಬೇಕು. ಆ ಒಂದು ಬಾಗಿಲು ಬೇರೆಯದಕ್ಕಿಂತ ತರಿಯಾಗಿರಬಹುದು, ಅಥವಾ ವಿಚಿತ್ರವಾಗಿ ನುಣುಪಾಗಿರಬಹುದು. ಎರಡೂ ಸಂಶಯಕ್ಕೆ ಎಡೆ.

ಕಾರುಗಳು ಟ್ರೈಲರ್ ಲಾರಿಯಲ್ಲಿ ನೂರಾರು ಕಿಲೋಮೀಟರ್ ದಾಟಿ, ಶಿರಾಡಿ ಘಾಟಿ ಇಳಿದೋ 66ನೇ ಹೆದ್ದಾರಿಯಲ್ಲೋ ಇಲ್ಲಿಗೆ ಬರುತ್ತವೆ. ಆಮೇಲೆ ಯಾರ್ಡಿನಲ್ಲಿ ನಿಲ್ಲುತ್ತವೆ. ದಾರಿಯಲ್ಲೋ ಯಾರ್ಡಿನಲ್ಲೋ ತಾಗಿದ ಕಾರಿಗೆ ಪೈಂಟ್ ಹೊಡೆದು ಹೊಸದೆಂದೇ ಕೊಡುವ ಸಾಧ್ಯತೆ ಎಲ್ಲ ಊರಿನಲ್ಲೂ ಉಂಟು. ಎಲ್ಲರೂ ಹಾಗೆ ಮಾಡುತ್ತಾರೆ ಎಂದಲ್ಲ. ಆದರೆ ನೋಡಿಕೊಳ್ಳುವುದು ನಮ್ಮ ಕೆಲಸ.

ನೋಡುವುದು ಹೀಗೆ. ಇನ್‌ವಾಯ್ಸ್ ಮತ್ತು ರಿಜಿಸ್ಟ್ರೇಷನ್ ಆಗುವ ಮೊದಲು ಕಾರು ತೋರಿಸಿ ಎಂದು ಕೇಳಿ. ಒಮ್ಮೆ ಕೆ.ಎ. 19 ನಂಬರ್ ನಿಮ್ಮ ಹೆಸರಿಗೆ ಬಿದ್ದ ಮೇಲೆ ಕಾರು ಬದಲಿಸಿ ಕೊಡಿ ಎಂದರೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಹಗಲಿನಲ್ಲಿ, ಕಾರು ತೊಳೆದು ಒಣಗಿದ ಮೇಲೆ ಹೋಗಿ. ಟ್ಯೂಬ್‌ಲೈಟ್ ಅಥವಾ ಲೈಟ್ ಕಂಬದ ಪ್ರತಿಬಿಂಬ ಬಾಗಿಲಿನ ಮೇಲೆ ಬೀಳುವ ಹಾಗೆ ನಿಂತು, ಅದರ ಅಂಚು ಎಷ್ಟು ಅಲುಗಿದೆ ಎಂದು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಹೋಲಿಸಿ. ಒಂದೂವರೆ ಅಡಿ ದೂರದಿಂದ ಸಣ್ಣ ತರಿ ಕಾಣುತ್ತದೆ, ಹತ್ತು ಅಡಿ ದೂರದಿಂದ ದೊಡ್ಡ ಅಲೆ ಕಾಣುತ್ತದೆ. ಎರಡೂ ಕಡೆಯಿಂದ ನೋಡಿ. ರಬ್ಬರ್ ಬೀಡಿಂಗ್ ಮೇಲೆ ಪೈಂಟಿನ ಹುಡಿ, ಬಾಗಿಲಿನ ಒಳ ಅಂಚಿನಲ್ಲಿ ಟೇಪ್ ಹಚ್ಚಿದ ಗೆರೆ, ಕೀಲಿನ ಬೋಲ್ಟ್ ತಿರುಗಿಸಿ ಪೈಂಟ್ ಒಡೆದ ಗುರುತು, ಪೈಂಟಿನೊಳಗೆ ಸಿಕ್ಕಿಕೊಂಡ ಧೂಳಿನ ಕಾಳು ಇದ್ದರೆ ಅಲ್ಲಿ ಯಾರದ್ದೋ ಕೈ ಆಡಿದೆ ಎಂದು ತಿಳಿಯಬಹುದು.

ಪೈಂಟ್ ದಪ್ಪ ಅಳೆಯುವ ಸಣ್ಣ ಗೇಜ್ ಈಗ ಬಹಳಷ್ಟು ಡಿಟೇಲಿಂಗ್ ಅಂಗಡಿಗಳಲ್ಲಿ ಉಂಟು. ಒಂದು ಗಂಟೆ ಬಾಡಿಗೆಗೆ ತಂದರೂ ನಷ್ಟವಿಲ್ಲ. ಎಲ್ಲ ಪ್ಯಾನೆಲ್ 100, 110, 120 ತೋರಿಸಿ ಒಂದೇ ಒಂದು ಬಾಗಿಲು 220 ತೋರಿಸಿದರೆ ಅದಕ್ಕೆ ಎರಡನೇ ಸಲ ಪೈಂಟ್ ಬಿದ್ದಿದೆ. 500 ದಾಟಿದರೆ ಒಳಗೆ ಪುಟ್ಟಿ ಇರಬಹುದು. ಎರಡು ಎಚ್ಚರಿಕೆ ಬೇಕು. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಕೆಲಸ ಮಾಡುವುದಿಲ್ಲ. ಹಾಗೆಯೇ ಫ್ಯಾಕ್ಟರಿಯ ಒಳಗೇ ಸಣ್ಣ ದೋಷ ಕಂಡು ಮತ್ತೆ ಪೈಂಟ್ ಹೊಡೆದು ಬೇಯಿಸಿರುವುದೂ ಇರುತ್ತದೆ. ಆದ್ದರಿಂದ ನಂಬರ್ ನೋಡಿದ ಕೂಡಲೇ ಕಳ್ಳ ಎನ್ನಬೇಡಿ, ಕಾರಣ ಬರೆದು ಕೊಡಿ ಎನ್ನಿ. ಬಾಯಿಮಾತು ಬೇಡ, ಮೇಲ್ ಅಥವಾ ಲೆಟರ್‌ಹೆಡ್ ಇರಲಿ.

ಉಜ್ಜಿದರೆ ಹೋಗುವುದಿಲ್ಲವೇ?

ಹೋಗುತ್ತದೆ, ಅದಕ್ಕೆ ಬೆಲೆ ಉಂಟು. ಹಣದ ಮಾತಲ್ಲ ಇದು.

ಮೊದಲು ಯಾವುದರಿಂದ ಹೋಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ವ್ಯಾಕ್ಸ್ ಹಚ್ಚಿದರೆ ಹೋಗುವುದಿಲ್ಲ. ಸೆರಾಮಿಕ್ ಕೋಟಿಂಗ್‌ನಿಂದಲೂ ಹೋಗುವುದಿಲ್ಲ. ಅದು ಒಂದೆರಡು ಮೈಕ್ರಾನ್ ಆಸುಪಾಸಿನ ತೆಳು ಪದರ, ತಗ್ಗು ತುಂಬುವಷ್ಟು ಇಲ್ಲ. ಹೊಳಪು ಹೆಚ್ಚಿ ತರಿ ಇನ್ನೂ ಸ್ಪಷ್ಟ ಕಂಡರೂ ಕಂಡೀತು. ಪಿಪಿಎಫ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರಲ್ಲ, ಅದಕ್ಕೆ ತನ್ನದೇ ಸಣ್ಣ ತರಿ ಇರುತ್ತದೆ. ಆ ಹಾಳೆ ಕಲ್ಲೇಟಿಗೆ ಒಳ್ಳೆಯದು, ಕಿತ್ತಳೆ ಸಿಪ್ಪೆಗೆ ಮದ್ದಲ್ಲ. ಮೆಷಿನ್ ಪಾಲಿಶ್ ಒಂದರಿಂದಲೂ ಹೆಚ್ಚೇನೂ ಆಗುವುದಿಲ್ಲ, ಯಾಕೆಂದರೆ ಮೆತ್ತನೆಯ ಸ್ಪಂಜ್ ಉಬ್ಬಿನ ಮೇಲೂ ತಗ್ಗಿನೊಳಗೂ ಒಟ್ಟಿಗೆ ಹೋಗುತ್ತದೆ. ಆಕ್ಸೆಸರಿ ಅಂಗಡಿ ಇಟ್ಟವರಲ್ಲಿ ಒಂದು ಮಾತು: "ಸೆರಾಮಿಕ್ ಹಾಕಿದ್ರೆ ಎಲ್ಲ ಹೋಗ್ತದೆ ಅಣ್ಣಾ" ಎಂದು ಹೇಳಿ ಬಿಲ್ ಮಾಡಬೇಡಿ. ಹೋಗದಿದ್ದಾಗ ಗಿರಾಕಿ ವಾಪಸ್ ಬರುವುದು ನಿಮ್ಮ ಅಂಗಡಿಗೇ.

ನಿಜವಾಗಿ ತರಿ ತೆಗೆಯುವುದು ವಾಟರ್ ಪೇಪರ್ ಮಾತ್ರ. 2000, 3000 ನಂಬರಿನ ಪೇಪರ್ ಹಿಡಿದು ನೀರು ಬಿಟ್ಟುಕೊಂಡು ಉಬ್ಬುಗಳನ್ನು ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಆಮೇಲೆ ಕಾಂಪೌಂಡ್ ಹಾಕಿ ಪೇಪರಿನ ಗೀರು ತೆಗೆಯಬೇಕು, ಕೊನೆಗೆ ಪಾಲಿಶ್. ಪ್ರತಿ ಹಂತದಲ್ಲೂ ಕ್ಲಿಯರ್ ಕೋಟ್ ಸವೆಯುತ್ತದೆ. ನಲುವತ್ತು ಮೈಕ್ರಾನ್ ಇದ್ದದ್ದರಲ್ಲಿ ಎಂಟು ಹತ್ತು ಹೋಯಿತು ಎಂದಿಟ್ಟುಕೊಳ್ಳಿ. ನಾಲ್ಕನೇ ಒಂದು ಪಾಲು ಮೊದಲ ತಿಂಗಳಲ್ಲೇ ಖರ್ಚಾದ ಹಾಗೆ. ಮುಂದೆ ಗೀರು ಬಿದ್ದಾಗ, ಹಕ್ಕಿ ಹಿಕ್ಕೆಯ ಕಲೆ ಕೂತಾಗ ಪಾಲಿಶ್ ಮಾಡಲು ಉಳಿದದ್ದು ಅಷ್ಟೇ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕ ಇರುವುದೂ ಈ ಪದರದಲ್ಲೇ. ಪದರ ತೆಳುವಾದಷ್ಟು ಅದರ ಬಲವೂ ಇಳಿಯುತ್ತದೆ.

ಇನ್ನೊಂದು ತೊಡಕು, ಗೇಜ್ ತೋರಿಸುವುದು ಒಟ್ಟು ದಪ್ಪ. 110 ಎಂದು ಬಂದರೆ ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಎಂದು ಅದು ಹೇಳುವುದಿಲ್ಲ. ಅಂದಾಜಿನ ಮೇಲೆಯೇ ಕೆಲಸ. ಬಾಗಿಲಿನ ಅಂಚು, ಬೋನೆಟ್‌ನ ಮಡಿಕೆ ಗೆರೆ, ಹ್ಯಾಂಡಲ್ ಸುತ್ತ ಪೈಂಟ್ ತೆಳು ಇರುತ್ತದೆ, ಪೇಪರಿಗೆ ಮೊದಲು ಸಿಗುವುದೂ ಅದೇ. ನನ್ನ ಪರಿಚಯದವರೊಬ್ಬರ ಕಪ್ಪು ಕಾರಿಗೆ ಹೀಗೆ ಆಯಿತು. ಬಾಗಿಲಿನ ನಡುಭಾಗ ಕನ್ನಡಿಯ ಹಾಗೆ ಬಂತು, ಎಲ್ಲರೂ ಮೆಚ್ಚಿದರು. ಕೆಳಗಿನ ಮಡಿಕೆ ಗೆರೆಯಲ್ಲಿ ಮಾತ್ರ ಕ್ಲಿಯರ್ ಹೋಗಿ ಬಣ್ಣವೇ ಎದ್ದು ಬಂದಿತ್ತು. ಉಜ್ಜಿದ ಹುಡುಗ ಒಳ್ಳೆಯ ಕೆಲಸಗಾರನೇ, ಎರಡು ಸೆಕೆಂಡ್ ಜಾಸ್ತಿ ಉಜ್ಜಿದ್ದ, ಅಷ್ಟೇ. ಕೊನೆಗೆ ಆ ಬಾಗಿಲಿಗೆ ಪೂರ್ತಿ ಪೈಂಟ್. ಈಗ ಗೇಜ್ ಇಟ್ಟರೆ ಹೊಸ ಕಾರಿನ ಒಂದು ಬಾಗಿಲು ಇಮ್ಮಡಿ ತೋರಿಸುತ್ತದೆ. ಮಾರುವಾಗ ಆಕ್ಸಿಡೆಂಟ್ ಆಗಿತ್ತಾ ಎಂದು ಕೇಳಿದರೆ ಏನು ಹೇಳುವುದು?

ಪೈಂಟ್ ವಾರಂಟಿಯ ಷರತ್ತನ್ನೂ ಓದಿ. ಹೊರಗೆ ಉಜ್ಜಿಸಿದ, ಪೈಂಟ್ ಮಾಡಿಸಿದ ಜಾಗಕ್ಕೆ ಆಮೇಲೆ ತಕರಾರು ಬಂದರೆ ಕಂಪೆನಿ ಕೈ ತೊಳೆದುಕೊಳ್ಳಬಹುದು.

ನಮ್ಮ ಊರಲ್ಲಿ ಯಾಕೆ ಇನ್ನೂ ಜಾಗ್ರತೆ?

ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೂ ಪಣಂಬೂರಿನಲ್ಲಿ ರಸ್ತೆ ಬದಿ ನಿಲ್ಲುವ ಕಾರಿಗೂ ವ್ಯತ್ಯಾಸ ಉಂಟು. ಇಲ್ಲಿ ಸಮುದ್ರದ ಉಪ್ಪುಗಾಳಿ ವರ್ಷವಿಡೀ. ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಗಿ ಘೋಷಣೆಯಾದಾಗಿನಿಂದ ಊರಿನ ಗಾಳಿಯೇ ಬೇರೆ. ಕಲ್ಲಿದ್ದಲು, ಕಬ್ಬಿಣದ ಅದಿರು, ಗೊಬ್ಬರ ಇಳಿಯುತ್ತವೆ, ಲಾರಿಯಲ್ಲೂ ರೈಲಿನಲ್ಲೂ ಹೋಗುತ್ತವೆ. ಬಾಗಿಲಿನ ಮೇಲೆ ಬೆರಳಾಡಿಸಿದರೆ ಕರಿ ಹುಡಿ ಬರುವುದು ಇಲ್ಲಿನವರಿಗೆ ಹೊಸತಲ್ಲ. ಕಬ್ಬಿಣದ ಸೂಕ್ಷ್ಮ ಕಣ ಪೈಂಟ್ ಮೇಲೆ ಕೂತು ಒದ್ದೆಯಾದರೆ ಅಲ್ಲೇ ತುಕ್ಕಾಗಿ ಕಂದು ಚುಕ್ಕೆಯಾಗುತ್ತದೆ. ಮುರಕಲ್ಲಿನ ಕೆಂಪು ಧೂಳು ಬಟ್ಟೆಗೆ ಸಿಕ್ಕರೆ ಸ್ವತಃ ಪಾಲಿಶ್ ಕಾಗದದ ಕೆಲಸ ಮಾಡುತ್ತದೆ. ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿದರೆ ಉಪ್ಪುನೀರಿನ ಅಭಿಷೇಕ ಬೇರೆ. ಮಳೆಯಂತೂ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು.

ಇದನ್ನೆಲ್ಲ ತಡೆಯುವುದು ಆ ಅರ್ಧ ಕೂದಲಿನಷ್ಟು ದಪ್ಪದ ಕ್ಲಿಯರ್ ಕೋಟ್. ಅದನ್ನು ಬರೀ ಅಂದಕ್ಕಾಗಿ ಉಜ್ಜಿ ಕಳೆಯುವುದು ಮಳೆಗಾಲದ ಮೊದಲು ಮಾಡಿನ ಹಂಚು ಇಳಿಸಿದ ಹಾಗೆ. ನನ್ನನ್ನು ಕೇಳಿದರೆ, ಇಡೀ ಕಾರಿಗೆ ಒಂದೇ ತೆರನಾದ ಫ್ಯಾಕ್ಟರಿ ತರಿ ಇದ್ದರೆ ಇಲ್ಲಿನವರು ಅದನ್ನು ಮುಟ್ಟಲೇಬಾರದು. ಅಂಗಡಿ ಸಾಮಾನು ಸಾಗಿಸುವ ವ್ಯಾನ್, ಪಿಕಪ್ಪಿಗಂತೂ ಈ ಯೋಚನೆಯೇ ಬೇಡ. ಅವುಗಳಲ್ಲಿ ಕೆಲವಕ್ಕೆ ಕ್ಲಿಯರ್ ಕೋಟ್ ಪದರವೇ ಇರುವುದಿಲ್ಲ. ಬಿಳಿ ಬಟ್ಟೆಯಲ್ಲಿ ಸ್ವಲ್ಪ ಪಾಲಿಶ್ ಹಾಕಿ ಒಂದು ಮೂಲೆ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಕ್ಲಿಯರ್ ಇಲ್ಲ ಎಂದರ್ಥ.

ಆದರೂ ಕಣ್ಣಿಗೆ ಚುಚ್ಚುತ್ತದೆ, ತೆಗೆಸಲೇಬೇಕು ಎನ್ನುವವರು ಇಡೀ ಕಾರಿಗೆ ಕೈ ಹಾಕಬೇಡಿ. ಅತಿ ಹೆಚ್ಚು ಕಾಣುವ ಒಂದೆರಡು ಪ್ಯಾನೆಲ್ ಸಾಕು. ಉಜ್ಜುವ ಮೊದಲು ಒಂದೊಂದು ಪ್ಯಾನೆಲ್‌ನ ಹತ್ತು ಕಡೆ ಗೇಜ್ ಇಟ್ಟು ಬರೆದುಕೊಳ್ಳಲು ಹೇಳಿ, ಕಡಿಮೆ ಇರುವ ಜಾಗ ಬಿಡಲಿ. ಅಂಗೈಯಗಲ ಜಾಗದಲ್ಲಿ ಮಾಡಿ ತೋರಿಸಲಿ, ಅಂಚಿಗೆ ಟೇಪ್ ಹಚ್ಚಲಿ. ಪೂರ್ತಿ ಕನ್ನಡಿ ಮಾಡುವುದು ಬೇಡ, ಚೂಪು ತರಿ ಸ್ವಲ್ಪ ಮೊಂಡಾದರೆ ಸಾಕು ಎಂದು ಮೊದಲೇ ಮಾತಾಡಿಕೊಳ್ಳಿ. ಗೇಜ್ ಇಲ್ಲದ ಅಂಗಡಿಯವರು "ನಮಗೆ ಕೈಯಲ್ಲೇ ಗೊತ್ತಾಗ್ತದೆ" ಎಂದರೆ ನಮಸ್ಕಾರ ಹೇಳಿ ಬನ್ನಿ.

ಗ್ಯಾರೇಜಿನ ಪೈಂಟ್‌ನ ಕಥೆ ಬೇರೆ

ಕಾರು ತಾಗಿ, ಇನ್ಶೂರೆನ್ಸ್‌ನಲ್ಲಿ ಟಿಂಕರಿಂಗ್, ಪೈಂಟಿಂಗ್ ಆದ ಮೇಲೆ ಆ ಪ್ಯಾನೆಲ್‌ನಲ್ಲಿ ಆರೆಂಜ್ ಪೀಲ್ ಬಂದರೆ ಸುಮ್ಮನಿರಬೇಡಿ. ಅಲ್ಲಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಫ್ಯಾಕ್ಟರಿಯದ್ದಕ್ಕಿಂತ ದಪ್ಪ ಬೀಳುತ್ತದೆ, ಉಜ್ಜಿ ಸರಿಮಾಡಲು ಜಾಗ ಉಂಟು. ಗನ್ ದೂರ ಹಿಡಿದದ್ದು, ಗಾಳಿಯ ಒತ್ತಡ ಹೊಂದದ್ದು, ಪೈಂಟ್ ಗಟ್ಟಿ ಕಲಸಿದ್ದು ಕಾರಣಗಳು. ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕದ ಸೆಕೆಗೆ ಬೇಗ ಆರುವ ಥಿನ್ನರ್ ಹಾಕಿದರೆ ಹನಿ ಹರಡುವ ಮೊದಲೇ ಒಣಗಿ ತರಿ ಬರುತ್ತದೆ, ಆಗ ನಿಧಾನಕ್ಕೆ ಆರುವ ಥಿನ್ನರ್ ಬೇಕು. ಮಳೆಗಾಲದಲ್ಲಿ ತೇವಕ್ಕೆ ಮೇಲ್ಮೈ ಬಿಳಿಚಿಕೊಳ್ಳುವುದು ಇನ್ನೊಂದು ತಲೆನೋವು, ಬೂತ್ ಇಲ್ಲದ ಗ್ಯಾರೇಜಿನಲ್ಲಿ ಜೂನ್, ಜುಲೈಯಲ್ಲಿ ಪೈಂಟ್ ಮಾಡಿಸದಿರುವುದೇ ಲೇಸು.

ಇಲ್ಲೊಂದು ತಮಾಷೆ. ಗ್ಯಾರೇಜಿನವರು ಅತಿ ನುಣುಪು ಮಾಡಿದರೂ ತಪ್ಪೇ. ಪಕ್ಕದ ಬಾಗಿಲಿನಲ್ಲಿ ಫ್ಯಾಕ್ಟರಿ ತರಿ ಇದ್ದು ಇದು ಮಾತ್ರ ಕನ್ನಡಿಯಾದರೆ, ಪೈಂಟ್ ಆದದ್ದು ಹತ್ತು ಅಡಿಯಿಂದಲೇ ಗೊತ್ತಾಗುತ್ತದೆ. ಒಳ್ಳೆಯ ಪೈಂಟರ್ ಪಕ್ಕದ ಪ್ಯಾನೆಲ್ ನೋಡಿ ಅದಕ್ಕೆ ಸರಿಯಾಗಿ ತರಿ ಬಿಡುತ್ತಾನೆ. ಹೀಗೆ ಪೈಂಟ್ ಆದ ಜಾಗಕ್ಕೆ ಒಂದು ತಿಂಗಳು ವ್ಯಾಕ್ಸ್, ಸೆರಾಮಿಕ್, ಪಿಪಿಎಫ್ ಹಾಕಬೇಡಿ, ಪೂರ್ತಿ ಆರಲು ಬಿಡಿ. ಫ್ಯಾಕ್ಟರಿ ಪೈಂಟ್ ಓವನ್‌ನಲ್ಲಿ ಬೆಂದು ಬಂದದ್ದು, ಅದಕ್ಕೆ ಮೊದಲ ವಾರದಿಂದಲೇ ಹಚ್ಚಬಹುದು.

ತೊಳೆಯುವಾಗ ಮೊದಲು ಬರೀ ನೀರು ಹೊಡೆದು ಧೂಳು ಇಳಿಸಿ, ಆಮೇಲಷ್ಟೇ ಶಾಂಪೂ ಮತ್ತು ಬಟ್ಟೆ. ಒಣ ಧೂಳಿನ ಮೇಲೆ ಬಟ್ಟೆ ಆಡಿಸುವ ಅಭ್ಯಾಸ ಬಿಡಿ. ಬೀಚಿಗೆ ಹೋಗಿ ಬಂದ ದಿನ, ಮೀನಿನ ನೀರು ಸಿಡಿದ ದಿನ ರಾತ್ರಿಯೇ ಒಂದು ಬಕೆಟ್ ಸಿಹಿನೀರು ಹೊಯ್ಯಿರಿ.

ದೂರು ಕೊಡುವುದಿದ್ದರೆ

ಎಲ್ಲ ಕಡೆ ಒಂದೇ ಥರ ಇರುವ ಆರೆಂಜ್ ಪೀಲ್‌ಗೆ ದೂರು ಕೊಟ್ಟು ಗೆಲ್ಲುವುದು ಕಷ್ಟ. ಕಂಪೆನಿ ತನ್ನ ಮಿತಿಯೊಳಗೆ ಉಂಟು ಎನ್ನುತ್ತದೆ, ಅಲ್ಲ ಎಂದು ತೋರಿಸಲು ಪರಿಣತರ ವರದಿ ಬೇಕಾಗುತ್ತದೆ. ಆದರೆ ಪೈಂಟ್ ಹೊಡೆದ ಕಾರನ್ನು ಹೇಳದೆ ಹೊಸದೆಂದು ಕೊಟ್ಟಿದ್ದರೆ ವಿಷಯ ಗಟ್ಟಿ. ಹಗಲು ಬೆಳಕಿನ ಫೋಟೊ, ಗೇಜ್ ಓದುವಿಕೆಯ ವಿಡಿಯೊ, ಡೆಲಿವರಿ ದಿನಾಂಕ, ಶೋರೂಮಿಗೆ ಬರೆದ ಮೇಲ್ ಇಟ್ಟುಕೊಳ್ಳಿ. ಕೈಗೆ ಕಾರು ಬಂದ ದಿನವೇ ತೆಗೆದ ಫೋಟೊಗೆ ಇರುವ ಬೆಲೆ ಎರಡು ತಿಂಗಳ ನಂತರದ್ದಕ್ಕೆ ಇಲ್ಲ. ಅಷ್ಟರಲ್ಲಿ ಹೊರಗೆ ಉಜ್ಜಿಸಿದ್ದರಂತೂ ಸಾಕ್ಷ್ಯವನ್ನು ನೀವೇ ಅಳಿಸಿದ ಹಾಗೆ.

ಮೊದಲು ಡೀಲರ್‌ಗೆ, ನಂತರ ಕಂಪೆನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿನ ದೂರು ಇಲ್ಲೇ ನಡೆಯುತ್ತದೆ, ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾರಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.